ಗಾಲ್ಫ್ ಡ್ರೈವರ್ ಲಾಫ್ಟ್ (ಫೇಸಿನ ಓರೆ) 10.5ರಿಂದ 9.5ಕ್ಕೆ ಇಳಿಸಿದರೆ ಸ್ಲೈಸ್ (ಚೆಂಡು ಬಲಕ್ಕೆ ಬಾಗೋದು) ಕಡಿಮೆ ಆಗುತ್ತಾ? (ಪುಣೆ)

ಬಾಣೇರ್_ಬಲಗೈ:

ಎಲ್ಲರಿಗೂ ನಮಸ್ಕಾರ. ಬಲಗೈ ಆಟ, ಹ್ಯಾಂಡಿಕ್ಯಾಪ್ 19. ಡ್ರೈವರ್ 10.5 ಡಿಗ್ರಿ, ಸ್ಲೀವ್ (ಶಾಫ್ಟನ್ನು ಹೆಡ್‌ಗೆ ಜೋಡಿಸುವ ಕೊಳವೆ) ತಿರುಗಿಸಿ ಲಾಫ್ಟ್ ಬದಲಿಸುವಂಥದ್ದು. ಉದ್ದ 45.5 ಇಂಚು, 65 ಗ್ರಾಂ ಎಸ್ (ಬಿರುಸು) ಶಾಫ್ಟ್ (ಕ್ಲಬ್ಬಿನ ಕೋಲು). ಹೀಲ್‌ನಿಂದ (ಹೆಡ್ಡಿನ ಶಾಫ್ಟ್ ಕಡೆಯ ತುದಿ) ಟೋವರೆಗೆ (ಆಚೆ ತುದಿ) ಸರಿಸಬಹುದಾದ ತೂಕ ಇದೆ, ಸದ್ಯ ನಡುವೆ ಇದೆ.

ಪುಣೆಯ ಒಂದು ಸಿಮ್ಯುಲೇಟರ್‌ನಲ್ಲಿ 20 ಹೊಡೆತದ ಸರಾಸರಿ: ಕ್ಲಬ್ ವೇಗ ಗಂಟೆಗೆ 88 ಮೈಲಿ, ಚೆಂಡಿನ ವೇಗ 122, ಲಾಂಚ್ (ಚೆಂಡು ಮೇಲೇಳುವ ಕೋನ) 12 ಡಿಗ್ರಿ, ಸ್ಪಿನ್ ನಿಮಿಷಕ್ಕೆ 3600 ಸುತ್ತು, ಕ್ಯಾರಿ (ಗಾಳಿಯಲ್ಲಿ ಹೋದ ದೂರ) 180 ಯಾರ್ಡ್. ಅಟ್ಯಾಕ್ ಆಂಗಲ್ ಮೈನಸ್ 3, ಅಂದರೆ ಕ್ಲಬ್ 3 ಡಿಗ್ರಿ ಕೆಳಮುಖವಾಗಿ ಬಂದು ತಾಗುತ್ತೆ. ಪಾತ್ (ಕ್ಲಬ್ ಚಲಿಸುವ ದಾರಿ) ಹೊರಗಿನಿಂದ ಒಳಕ್ಕೆ, ಅಂದರೆ ಎಡಕ್ಕೆ, 5 ಡಿಗ್ರಿ, ಪಾತ್‌ಗೆ ಹೋಲಿಸಿದರೆ ಫೇಸ್ (ಚೆಂಡಿಗೆ ತಾಗುವ ಮುಖ) 4 ಡಿಗ್ರಿ ತೆರೆದಿದೆ. ಚೆಂಡು ಒಂಚೂರು ಎಡಕ್ಕೆ ಹೊರಟು, ಮೇಲೆದ್ದು, ಬಲಕ್ಕೆ ವಾಲಿ ಬೀಳುತ್ತೆ. ಎದುರುಗಾಳಿ ಇದ್ದರಂತೂ ಮೇಲೇ ನಿಂತುಬಿಡುತ್ತೆ.

ಸ್ಪಿನ್ ಇಳಿಸೋಕೆ 9.5ಕ್ಕೆ ತಿರುಗಿಸಲಾ? ಶಾಫ್ಟ್ ಅರ್ಧ ಇಂಚು ಕತ್ತರಿಸಬೇಕಾ? ಯಾವುದು ಮೊದಲು?

ಪಾನಾ_ಪುಣೆ:

9.5ಕ್ಕೆ ಇಳಿಸಬೇಡಿ ಸರ್. ಇಳಿಸಿದರೆ ಸ್ಲೈಸ್ ಹೆಚ್ಚಾಗುತ್ತೆ.

ಕಾರಣ ಹೀಗೆ. ಸ್ಲೀವ್‌ನಲ್ಲಿ ಶಾಫ್ಟ್ ಕೂರುವ ರಂಧ್ರವನ್ನು ಸ್ವಲ್ಪ ಓರೆಯಾಗಿ ಕೊರೆದಿರ್ತಾರೆ. ತಿರುಗಿಸಿದಾಗ ಆ ಓರೆಯ ದಿಕ್ಕು ಬದಲಾಗುತ್ತೆ, ಅಷ್ಟೇ. ಲಾಫ್ಟ್ ಇಳಿಸುವ ಕಡೆ ತಿರುಗಿಸಿ ಹೆಡ್ ನೆಲದ ಮೇಲೆ ತಾನಾಗಿ ಕೂರಲು ಬಿಟ್ಟರೆ ಫೇಸ್ ಬಲಕ್ಕೆ ತೆರೆದಿರುತ್ತೆ. ಏರಿಸುವ ಕಡೆ ತಿರುಗಿಸಿದರೆ ಎಡಕ್ಕೆ ಮುಚ್ಚುತ್ತೆ. ಫೇಸನ್ನು ಕೈಯಿಂದ ನೇರ ಮಾಡಿಕೊಂಡು ನಿಂತಾಗ ಮಾತ್ರ ಲಾಫ್ಟಿನ ವ್ಯತ್ಯಾಸ ಪೂರ್ತಿ ಸಿಗುತ್ತೆ. ನಿಮಗೆ ಈಗಾಗಲೇ 4 ಡಿಗ್ರಿ ತೆರೆದಿದೆ, ಇನ್ನಷ್ಟು ತೆರೆಯೋದು ಬೇಡ.

ಇನ್ನೊಂದು ಲೆಕ್ಕ ಇದೆ. ಚೆಂಡು ಎಷ್ಟು ವಾಲುತ್ತೆ ಅನ್ನೋದು, ಹೆಚ್ಚೂಕಡಿಮೆ, ಫೇಸ್ ಮತ್ತು ಪಾತ್ ನಡುವಿನ ಅಂತರವನ್ನು ಸ್ಪಿನ್ ಲಾಫ್ಟಿನಿಂದ ಭಾಗಿಸಿದ ಹಾಗೆ. ಸ್ಪಿನ್ ಲಾಫ್ಟ್ ಅಂದರೆ ಚೆಂಡಿಗೆ ತಾಗುವ ಕ್ಷಣದ ಲಾಫ್ಟಿನಿಂದ ಅಟ್ಯಾಕ್ ಆಂಗಲ್ ಕಳೆದದ್ದು. ನಿಮ್ಮದು ಸುಮಾರು 17.5 ಇರಬೇಕು. ಆ 4 ಡಿಗ್ರಿ ಹಾಗೇ ಉಳಿದು ಲಾಫ್ಟ್ ಮಾತ್ರ ಇಳಿದರೆ ಸ್ಪಿನ್ ಅಕ್ಷ ಇನ್ನೂ ವಾಲುತ್ತೆ. ಕಡಿಮೆ ಲಾಫ್ಟಿನ ಕ್ಲಬ್ ಜಾಸ್ತಿ ಸ್ಲೈಸ್ ಮಾಡೋದು ಇದಕ್ಕೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 122ನ್ನು 88ರಿಂದ ಭಾಗಿಸಿ, 1.39 ಬರುತ್ತೆ. ನಡುವಿಗೆ ಬಿದ್ದರೆ 1.45 ದಾಟಬೇಕು, ಒಳ್ಳೆಯ ಹೊಡೆತ 1.48 ಮುಟ್ಟುತ್ತೆ. ಅಂದರೆ ಚೆಂಡು ಫೇಸಿನ ನಡುವೆ ತಾಗ್ತಿಲ್ಲ. ಲಾಂಚ್ 12 ಇದ್ದೂ ಸ್ಪಿನ್ 3600 ಅಂದರೆ ಕೆಳಗೆ ತಾಗ್ತಿದೆ ಅನ್ನೋ ಅನುಮಾನ ನನಗೆ. ಫೇಸ್ ಮೇಲಿಂದ ಕೆಳಕ್ಕೆ ಕೊಂಚ ಉಬ್ಬಿರೋದರಿಂದ ಕೆಳಭಾಗದಲ್ಲಿ ಲಾಫ್ಟ್ ಕಡಿಮೆ, ಜೊತೆಗೆ ಗೇರ್ ಎಫೆಕ್ಟ್‌ನಿಂದ (ನಡು ತಪ್ಪಿ ತಾಗಿದಾಗ ಹೆಡ್ ತಿರುಗಿ ಚೆಂಡಿನ ಸ್ಪಿನ್ ಬದಲಿಸೋದು) ಸ್ಪಿನ್ ಜಾಸ್ತಿ. ಹೀಲ್ ಕಡೆ ತಾಗಿದರೆ ಬಲಕ್ಕೆ ವಾಲುವ ಸ್ಪಿನ್ ಬೇರೆ ಸೇರುತ್ತೆ.

ಹಾಗಾಗಿ ಪಾನಾ ಮುಟ್ಟುವ ಮುಂಚೆ ಗುರುತು ನೋಡಿ. ಫೇಸಿಗೆ ಡ್ರೈ ಶಾಂಪೂ ಸ್ಪ್ರೇ ತೆಳುವಾಗಿ ಹೊಡೆಯಿರಿ, ಅಂಗಡಿಯಲ್ಲಿ ಸಿಗುವ ಮಾಮೂಲಿ ಟಾಲ್ಕಂ ಪೌಡರ್ ನಿಲ್ಲೋದಿಲ್ಲ. ಸ್ಪ್ರೇ ಇಲ್ಲವಾದರೆ ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಒಂದು ರೂಪಾಯಿ ನಾಣ್ಯದಷ್ಟು ಚುಕ್ಕೆ ಬಳಿದು ಆ ಚುಕ್ಕೆ ಫೇಸಿಗೆ ಎದುರಾಗುವಂತೆ ಟೀ ಮೇಲಿಡಿ. ಬಿಳಿ ಪುಡಿಯ ಮೇಲೆ ಚೆಂಡಿನ ಗುಳಿಗಳ ಸಮೇತ ದುಂಡಗಿನ ಅಚ್ಚು ಬೀಳುತ್ತೆ. ಎಂಟು ಹೊಡೆತ ಹೊಡೆದು ಫೋಟೋ ತೆಗೀರಿ, ಒರೆಸಿ, ಇನ್ನೆಂಟು. ಪುಡಿ ಇರುವಾಗ ಬಂದ ಸ್ಪಿನ್ ಅಂಕಿ ಬರೆದುಕೊಳ್ಳಬೇಡಿ, ಘರ್ಷಣೆ ಕಡಿಮೆಯಾಗಿ ಅದು ದಾರಿ ತಪ್ಪಿಸುತ್ತೆ.

ಅಚ್ಚು ಕೆಳಗಿದ್ದರೆ ಟೀ ಎತ್ತರಿಸಿ. ಹೆಡ್ ಪಕ್ಕದಲ್ಲಿಟ್ಟಾಗ ಅರ್ಧ ಚೆಂಡು ಕ್ರೌನಿಗಿಂತ (ಹೆಡ್ಡಿನ ನೆತ್ತಿ) ಮೇಲೆ ಕಾಣಬೇಕು. ರೇಂಜಿನ ರಬ್ಬರ್ ಟೀಗಳು ಒಂದೇ ಎತ್ತರದವು, ಎಷ್ಟೋ ಜನರ ಕೆಳಗಿನ ಹೊಡೆತ ಅಲ್ಲಿಂದಲೇ ರೂಢಿಯಾಗೋದು. ಬೇರೆ ಎತ್ತರದ ರಬ್ಬರ್ ಟೀ ಕೇಳಿ ಹಾಕಿಸಿಕೊಳ್ಳಿ. ಚೆಂಡು ಎಡ ಹಿಮ್ಮಡಿಯ ಒಳಗಡೆಗೆ ನೇರವಾಗಿರಲಿ. ಅಟ್ಯಾಕ್ ಆಂಗಲ್ ಮೈನಸ್ 3ರಿಂದ 0ಗೆ ಬಂದರೆ ಅಲ್ಲೇ ಸ್ಪಿನ್ ಇಳಿಯುತ್ತೆ, ಲಾಂಚ್ ಏರುತ್ತೆ. ನಿಮ್ಮ ವೇಗಕ್ಕೆ ಲಾಂಚ್ 13–15, ಸ್ಪಿನ್ 2400–2900 ಗುರಿ ಇಟ್ಟುಕೊಳ್ಳಿ.

ಆಮೇಲೆ ಸ್ಲೀವ್. 11.5ಕ್ಕೆ ಏರಿಸಿ. ಸ್ಕ್ರೂ ಪೂರ್ತಿ ಸಡಿಲಿಸಿ ಹೆಡ್ ಹೊರತೆಗೆದು, ಸ್ಲೀವಿನ ಹಲ್ಲುಗಳಲ್ಲಿ ಮರಳು, ತೇವ ಇದ್ದರೆ ಒಣಬಟ್ಟೆಯಲ್ಲಿ ಒರೆಸಿ. ಗುರುತು ಹೊಂದಿಸಿ, ಸಂದು ಉಳಿಯದ ಹಾಗೆ ಕೂರಿಸಿ, ಡ್ರೈವರ್ ಜೊತೆ ಬಂದ ಟಾರ್ಕ್ ಪಾನಾದಿಂದಲೇ ಬಿಗಿ ಮಾಡಿ. ಅದು ಸಾಮಾನ್ಯವಾಗಿ 40 ಇಂಚ್-ಪೌಂಡ್‌ಗೆ ‘ಟಕ್’ ಅನ್ನುತ್ತೆ, ಒಂದು ಸಲ ಅಂದರೆ ಸಾಕು. ಮನೆಯ ಮಾಮೂಲಿ ಕೀಲಿಯಲ್ಲಿ ಬಿಗಿದರೆ ಸ್ಕ್ರೂ ದಾರ ಹಾಳಾಗುತ್ತೆ. ಸಡಿಲ ಬಿಟ್ಟರೆ ಹೊಡೆದಾಗ ಕಟಕಟ ಸದ್ದು ಬರುತ್ತೆ. ಟೇಲರ್‌ಮೇಡ್, ಪಿಂಗ್‌ಗಳಲ್ಲಿ ಸ್ಲೀವ್ ಜೊತೆ ಶಾಫ್ಟೂ ತಿರುಗುತ್ತೆ, ಹಾಗಾಗಿ ಏಣು ಇರುವ ಗ್ರಿಪ್ ಹಾಕಿಸಬೇಡಿ. ಕ್ಯಾಲವೇ, ಟೈಟ್ಲಿಸ್ಟ್‌ಗಳಲ್ಲಿ ಎರಡು ಉಂಗುರ, ಶಾಫ್ಟ್ ಇದ್ದಲ್ಲೇ ಇರುತ್ತೆ.

ತೂಕ ಹೀಲ್ ಕಡೆ ಸರಿಸೋದು ಇದೆಲ್ಲದರ ನಂತರ.

ಚೆಂಬೂರು_ಹುಬ್ಬಳ್ಳಿ:

ಮ್ಯಾಲಿನವ್ರು ಹೇಳಿದ್ದು ಖರೇನ ಐತಿ. ಶಾಫ್ಟ್ ಕತ್ತರಿಸಾಕ ಅವಸರ ಮಾಡಬ್ಯಾಡ್ರಿ. ಮೊದಲ ಗ್ರಿಪ್ ಒಂದಿಂಚು ಕೆಳಗ ಹಿಡದು ಹೊಡದು ನೋಡ್ರಿ. ಅಚ್ಚು ನಡುವಿಗೆ ಬಂದು ಚೆಂಡಿನ ವೇಗ ಏರಿತಂದ್ರ ಆಗ ವಿಚಾರ ಮಾಡ್ರಿ.

ಅರ್ಧ ಇಂಚು ಕತ್ತರಿಸಿದ್ರ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಸ್ತದ ಅನ್ನೂ ಅಳತಿ) ಸುಮಾರು ಮೂರು ಪಾಯಿಂಟ್ ಇಳಿತೈತಿ, ಡಿ3 ಇದ್ದದ್ದು ಡಿ0 ಆಗ್ತದ. ಹೆಡ್ ಹಗುರ ಅನಸ್ತದ, ಕೈ ಮುಂದ ಓಡ್ತಾವ. ಒಂದು ಪಾಯಿಂಟಿಗೆ ಹೆಡ್ಡಿಗೆ ಎರಡು ಗ್ರಾಂನಂಗ ಆರು ಗ್ರಾಂ ಸೀಸದ ಪಟ್ಟಿ ಹೀಲ್ ಕಡೆ ಹಚ್ಚಿದ್ರ ಮೊದಲಿನಂಗ ಆಗ್ತದ. ಕತ್ತರಿಸೂದು ಗ್ರಿಪ್ ತುದಿಯಿಂದ ಮಾತ್ರ, ಹೆಡ್ ತುದಿಯಿಂದ ಕತ್ತರಿಸಿದ್ರ ಶಾಫ್ಟ್ ಭಾಳ ಬಿರುಸಾಗ್ತದ.

ಎಸ್ ಅಂತ ಬರದಿದ್ರ ಎಲ್ಲಾ ಕಂಪನಿದೂ ಒಂದ ಅಲ್ರಿ, ಅದಕ್ಕ ಸಾಮಾನ್ಯ ಅಳತಿನ ಇಲ್ಲ. 88 ಮೈಲಿಗೆ 55 ಗ್ರಾಂ ಆರ್ (ಎಸ್‌ಗಿಂತ ಮೆತ್ತಗಿನ) ಶಾಫ್ಟ್ ಒಂದ್ಸಲ ಹೊಡದು ನೋಡ್ರಿ. ಫ್ಲೆಕ್ಸ್‌ನಿಂದ (ಶಾಫ್ಟ್ ಬಾಗೂ ಗುಣ) ಸ್ಪಿನ್ ಭಾಳ ಬದಲಾಗೂದಿಲ್ಲ, ಬದಲಾಗೂದು ಟೈಮಿಂಗ್.

ಕಾಣಕೋಣ_ಗಾಳಿ:

ಅಂಕಿ ಹೋಲಿಸುವಾಗ ಒಂದೆರಡು ಎಚ್ಚರ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಮುಂಬಯಿ, ಗೋವಾಗಿಂತ ಅಲ್ಲಿ ಚೆಂಡು ಶೇ 2ರಷ್ಟು ದೂರ ಹೋಗುತ್ತೆ. ಸಿಮ್ಯುಲೇಟರ್‌ನಲ್ಲಿ ಎತ್ತರದ ಸೆಟ್ಟಿಂಗ್ ಏನಿದೆ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಎರಡು ಊರಿನ ಕ್ಯಾರಿ ಹೋಲಿಕೆಗೆ ಬರೋದಿಲ್ಲ. ರೇಂಜ್ ಚೆಂಡಿನಲ್ಲಿ ಪರೀಕ್ಷೆ ಬೇಡ, ನೀವು ಆಡುವ ಚೆಂಡನ್ನೇ ಒಯ್ಯಿರಿ. ರೇಡಾರ್ ಯಂತ್ರ ಒಳಾಂಗಣದಲ್ಲಿ ಸ್ಪಿನ್ ಸರಿಯಾಗಿ ಅಳೆಯಬೇಕಾದರೆ ಚೆಂಡಿಗೆ ಲೋಹದ ಚುಕ್ಕೆ ಅಂಟಿಸಿರಬೇಕು.

ತೇವದ ಗಾಳಿ ಭಾರ, ಅದಕ್ಕೇ ಕೊಂಕಣದಲ್ಲಿ ಚೆಂಡು ಓಡಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದೇ ತಾಪ, ಅದೇ ಒತ್ತಡದಲ್ಲಿ ತೇವದ ಗಾಳಿ ಒಣಗಾಳಿಗಿಂತ ಹಗುರ. ಮಳೆಗಾಲದಲ್ಲಿ ದೂರ ಕಡಿಮೆಯಾಗೋದು ಫೇರ್‌ವೇ ಮೆತ್ತಗಾಗಿ ಚೆಂಡು ಬಿದ್ದಲ್ಲೇ ಕೂರೋದರಿಂದ. ಆಗ ಉರುಳುವಿಕೆ ನಂಬಿ ಲಾಫ್ಟ್ ಇಳಿಸಿದವರಿಗೆ ಎರಡು ಕಡೆಯೂ ನಷ್ಟ. ಜುಲೈನಲ್ಲಿ 11.5 ಇರಲಿ.

ಪ್ರತಿ ಸೆಟ್ಟಿಂಗ್‌ಗೆ ಆರರಿಂದ ಎಂಟು ಚೆಂಡು, ಒಂದು ಸಲಕ್ಕೆ ಒಂದೇ ಬದಲಾವಣೆ, ಕೊನೆಗೆ ಮೊದಲಿನ ಸೆಟ್ಟಿಂಗ್‌ಗೇ ಮರಳಿ ಇನ್ನೊಮ್ಮೆ. ಆ ಮರಳಿದ ಸುತ್ತಿನ ಅಂಕಿ ಮೊದಲಿನದಕ್ಕೆ ಹೊಂದದಿದ್ದರೆ ಬದಲಾಗಿರೋದು ನಿಮ್ಮ ಸ್ವಿಂಗ್ ಅಥವಾ ದಣಿವು.

ಬಾಣೇರ್_ಬಲಗೈ:

ಎಲ್ಲರಿಗೂ ಧನ್ಯವಾದ. ಅಚ್ಚು ನಿಜಕ್ಕೂ ಕೆಳಗೆ, ಹೀಲ್ ಕಡೆಗೇ ಇತ್ತು. ಟೀ ಏರಿಸಿ, 11.5 ಮಾಡಿ, ತೂಕ ಹೀಲ್‌ಗೆ ಸರಿಸಿದ ಮೇಲೆ ಚೆಂಡಿನ ವೇಗ 127, ಲಾಂಚ್ 14, ಸ್ಪಿನ್ 2900. ಬಲಕ್ಕೆ ವಾಲೋದು ನಿಂತಿದೆ, ಆದರೆ ಈಗ ನೇರ ಎಡಕ್ಕೆ ಹೋಗ್ತಿದೆ. ಸ್ಲೀವ್ ಹಿಂದಕ್ಕೆ ತಿರುಗಿಸಲಾ? ಆಟದ ಮಧ್ಯೆ ತಿರುಗಿಸಬಹುದಾ?

ಪಾನಾ_ಪುಣೆ:

ಆಟದ ಮಧ್ಯೆ ಬೇಡವೇ ಬೇಡ. ಸುತ್ತು ಶುರುವಾದ ಮೇಲೆ ಬೇಕಂತಲೇ ಸೆಟ್ಟಿಂಗ್ ಬದಲಿಸಿ ಆ ಕ್ಲಬ್ಬಿನಿಂದ ಒಂದು ಹೊಡೆತ ಹೊಡೆದರೂ ನಿಯಮ 4.1 ಪ್ರಕಾರ ಅನರ್ಹತೆ. ಸೀಸದ ಪಟ್ಟಿ ಹಚ್ಚೋದಕ್ಕೂ ಅದೇ.

ಎಡಕ್ಕೆ ನೇರ ಹೋಗ್ತಿದೆ ಅಂದರೆ ಫೇಸ್ ಈಗ ಪಾತ್‌ಗೆ ಹೊಂದಿದೆ, ಪಾತ್ ಮಾತ್ರ ಇನ್ನೂ 5 ಡಿಗ್ರಿ ಎಡಕ್ಕೇ ಇದೆ. 195 ಯಾರ್ಡ್‌ಗೆ ಅದು ಸುಮಾರು 17 ಯಾರ್ಡ್ ಎಡ. ಸ್ಲೀವ್ ಹಿಂದಕ್ಕೆ ತಿರುಗಿಸಿದರೆ ಸ್ಲೈಸ್ ವಾಪಸ್ ಬರುತ್ತೆ ಅಷ್ಟೇ, ಪಾತ್ ಬದಲಿಸೋದು ಪಾನಾದಿಂದ ಆಗಲ್ಲ. ಮೊದಲು ಭುಜಗಳು ಗುರಿಯ ಎಡಕ್ಕೆ ತೆರೆದಿವೆಯಾ ನೋಡಿ, ನೆಲದ ಮೇಲೊಂದು ಕೋಲಿಟ್ಟು ಪರೀಕ್ಷಿಸಿ. ಆಮೇಲೆ ಚೆಂಡಿನಿಂದ ಒಂದಡಿ ಹಿಂದೆ, ಗುರಿರೇಖೆಯ ಹೊರಬದಿಗೆ ಖಾಲಿ ಹೆಡ್‌ಕವರ್ ಇಟ್ಟು, ಕೆಳಗಿಳಿಯುವಾಗ ಕ್ಲಬ್ ಅದಕ್ಕೆ ತಾಗದಂತೆ ಹೊಡೆಯಿರಿ. ಪಾತ್ ಮೈನಸ್ 2ರ (2 ಡಿಗ್ರಿ ಎಡ) ಹತ್ತಿರ ಬಂದಾಗ ಚೆಂಡು ಎಡಕ್ಕೆ ಬಾಗೋಕೆ ಶುರು ಮಾಡುತ್ತೆ. ಆ ದಿನ ಮೊದಲು ತೂಕ ನಡುವಿಗೆ ತನ್ನಿ, ಎಂಟು ಚೆಂಡು ಹೊಡೆಯಿರಿ, ಇನ್ನೂ ಬಾಗಿದರೆ ಮಾತ್ರ ಸ್ಲೀವ್ 10.5ಕ್ಕೆ.