ಹಿಮದ ಊರಿನಲ್ಲಿ ಬಹುಕಾಲ ಬಾಳುವ ಆಲ್ ವೀಲ್ ಡ್ರೈವ್ ವ್ಯಾಗನ್ ಯಾವುದು?

ಪ್ರಶ್ನೆ:
ನಮಸ್ಕಾರ. ನಾವು ಅಮೆರಿಕದ ಡೆನ್ವರ್ ನಿವಾಸಿಗಳು. ಚಳಿಗಾಲದಲ್ಲಿ ಐ-70 ಹೆದ್ದಾರಿಯ ಘಾಟಿಯನ್ನು ಆಗಾಗ ಹತ್ತಬೇಕಾಗುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಐದು ಜನರ ಜೊತೆಗೆ ಅವರ ದೊಡ್ಡ ಸೂಟ್‌ಕೇಸುಗಳೂ ಹಿಡಿಯಬೇಕು. ದೊಡ್ಡ ಎಸ್‌ಯುವಿ ಹತ್ತಿ ಇಳಿಯುವುದು ಅಮ್ಮನ ಮಂಡಿನೋವಿಗೆ ಕಷ್ಟ. ಹತ್ತು ವರ್ಷವಾದರೂ ಇಟ್ಟುಕೊಳ್ಳುವ ಉದ್ದೇಶವಿರುವುದರಿಂದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, ಉದ್ದ ಡಿಕ್ಕಿಯ ವ್ಯಾಗನ್‌ಗಳಾದ ಸೆಕೆಂಡ್ ಹ್ಯಾಂಡ್ ಸುಬಾರು ಔಟ್‌ಬ್ಯಾಕ್, ಫೋಕ್ಸ್‌ವ್ಯಾಗನ್ ಗಾಲ್ಫ್ ಆಲ್‌ಟ್ರ್ಯಾಕ್ ಇವುಗಳಲ್ಲಿ ಯಾವುದು ಸೂಕ್ತ?

ಉತ್ತರ 1:
ಔಟ್‌ಬ್ಯಾಕ್ ತೆಗೆದುಕೊಳ್ಳಿ, ಆದರೆ ವರ್ಷ ನೋಡಿ. ಹಳೆಯ 2.5 ಲೀಟರ್ ಎಂಜಿನ್‌ಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಸೋರುವುದು ಎಲ್ಲರಿಗೂ ಗೊತ್ತಿರುವ ತೊಂದರೆ. 2013ರ ಮಾದರಿಯಿಂದ ಬಂದ ಹೊಸ ಎಂಜಿನ್‌ಗೆ ಒಳಭಾಗಗಳನ್ನು ತಾಳಕ್ಕೆ ತಕ್ಕಂತೆ ಓಡಿಸಲು ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ. ಅದರಲ್ಲೂ ಮೊದಲ ಒಂದೆರಡು ವರ್ಷದ ಕೆಲವು ಗಾಡಿಗಳು ಆಯಿಲ್ ಕುಡಿಯುತ್ತವೆ. ಆದ್ದರಿಂದ 2015ರ ನಂತರದ್ದನ್ನು, ಸರ್ವೀಸ್ ದಾಖಲೆ ಪೂರ್ತಿಯಾಗಿ ಇರುವುದನ್ನೇ ಹುಡುಕಿ. ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್) ಗೇರ್‌ಬಾಕ್ಸ್‌ನ ಆಯಿಲ್ ಬದಲಿಸಿದ್ದಾರೆಯೇ ಎಂದು ತಪ್ಪದೆ ಕೇಳಿ.

ಉತ್ತರ 2:
ಆಲ್‌ಟ್ರ್ಯಾಕ್ ಓಡಿಸಲು ಬಹಳ ಚೆನ್ನ. ಆದರೆ ಅಮೆರಿಕದಲ್ಲಿ ಅದು ಬಂದದ್ದು 2017ರಿಂದ 2019ರ ಮಾದರಿಗಳಲ್ಲಿ ಮಾತ್ರ. ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೋಮ್ಯಾಟಿಕ್) ಗೇರ್‌ಬಾಕ್ಸ್‌ಗೆ 40,000 ಮೈಲಿಗೊಮ್ಮೆ ಆಯಿಲ್ ಬದಲಿಸಬೇಕು. ಹಿಂದಿನ ಸೀಟು, ಡಿಕ್ಕಿ ಎರಡೂ ಔಟ್‌ಬ್ಯಾಕ್‌ಗಿಂತ ಚಿಕ್ಕವು, ನಿಮ್ಮ ಕುಟುಂಬಕ್ಕೆ ಸಾಲದು.

ಉತ್ತರ 3:
ಯಾವುದನ್ನೇ ಕೊಂಡರೂ ಟೈರಿನ ಖರ್ಚನ್ನು ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಉಳಿದವು ಸವೆದಿರುವಾಗ ಒಂದು ಟೈರು ಹರಿದರೆ ಅದೊಂದನ್ನೇ ಹೊಸದು ಹಾಕಿಸುವಂತಿಲ್ಲ. ಸವೆತದ ವ್ಯತ್ಯಾಸ ಹೆಚ್ಚಾದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಶಕ್ತಿ ಹಂಚುವ ಸೆಂಟರ್ ಕ್ಲಚ್ ಸವೆಯುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿದರೆ ಗಾಡಿ ಮುಂದೆ ಸಾಗುತ್ತದೆ, ಆದರೆ ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿದಾಗ ನಿಲ್ಲಿಸುವುದು ಟೈರೇ. ಹಾಗಾಗಿ ವಿಂಟರ್ ಟೈರುಗಳ ಪ್ರತ್ಯೇಕ ಸೆಟ್ ಇಟ್ಟುಕೊಳ್ಳಿ.