ಫಾರ್ವರ್ಡ್ ಮಾಡಿದ್ದು ದೊಡ್ಡಪ್ಪ

(ನಮ್ಮ ಮನೆಯವರ ಗುಂಪು. ನಾನು ಒಂದು ಮಾತೂ ಆಡಲಿಲ್ಲ, ಸುಮ್ನೆ ಓದಿದೆ.)

ದೊಡ್ಡಪ್ಪ: ದಕ್ಷಿಣ ಧ್ರುವಕ್ಕೆ ಒಂಟಿಯಾಗಿ ಹೋದ ಜಗತ್ತಿನ ಮೊದಲ ಮಹಿಳೆ ಭಾರತದ ಹೆಮ್ಮೆಯ ಪುತ್ರಿ ಪ್ರೀತ್ ಚಂಡಿ!! ಮೈನಸ್ 50 ಡಿಗ್ರಿ ಚಳಿ! 40 ದಿನ! ಹೆಮ್ಮೆ ಇದ್ದರೆ ಶೇರ್ ಮಾಡಿ 🙏

ಪುಟ್ಟಿ: ಇದಕ್ಕೆ ಆಧಾರ ಏನು ದೊಡ್ಡಪ್ಪ? ನಾರ್ವೆಯ ಲಿವ್ ಆರ್ನೆಸೆನ್ 1994ರಲ್ಲೇ ಒಬ್ಬರೇ ಸ್ಕೀ ಮಾಡಿಕೊಂಡು ಅಲ್ಲಿಗೆ ಹೋಗಿದ್ದರು. ಪ್ರೀತ್ ತಲುಪಿದ್ದು 2022ರ ಜನವರಿಯಲ್ಲಿ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಇದ್ದದ್ದು ಬ್ರಿಟಿಷ್ ಸೇನೆಯಲ್ಲಿ.

ದೊಡ್ಡಪ್ಪ: ರಕ್ತ ನಮ್ಮದೇ ಅಲ್ವಾ.

ಪುಟ್ಟಿ: ಆಧಾರ ಕೇಳಿದರೆ ರಕ್ತ ಅಂತೀರಲ್ಲ! ಭಾರತದವರೇ ಬೇಕಾದರೆ ರೀನಾ ಕೌಶಲ್ ಧರ್ಮಶಕ್ತು ಇದ್ದಾರೆ. 2009ರಲ್ಲಿ ಕಾಮನ್‌ವೆಲ್ತ್ ದೇಶಗಳ ಮಹಿಳಾ ತಂಡದ ಜೊತೆ ಸುಮಾರು 900 ಕಿ.ಮೀ. ಸ್ಕೀ ಮಾಡಿ ಧ್ರುವ ಮುಟ್ಟಿದರು. ಅವರದು ಯಾಕೆ ಯಾರೂ ಫಾರ್ವರ್ಡ್ ಮಾಡಲ್ಲ?

ದೊಡ್ಡಪ್ಪ: ಹಿರಿಯರು ಒಳ್ಳೆಯದು ಕಳಿಸಿದರೆ ಅದರಲ್ಲಿ ತಪ್ಪು ಹುಡುಕುವುದೇ ನಿಮಗೆ ಕೆಲಸ. ಆ ಹುಡುಗಿ 90 ಕೆ.ಜಿ. ಸ್ಲೆಡ್ಜ್ ಎಳೆದಳು. ನಿಮಗೆ ಬೆಳಿಗ್ಗೆ ಹೊದಿಕೆ ಎಳೆದು ಮಡಿಸಲೂ ಆಗಲ್ಲ.

ಗುಂಡಣ್ಣ: ಅಭ್ಯಾಸಕ್ಕೆ ಟೈರ್ ಎಳೆಯುತ್ತಿದ್ದರಂತೆ. ಟೈರ್ ಅಂದಾಗ ನೆನಪಾಯ್ತು, ರಜೆಯಲ್ಲಿ ನಾವು ಟೈರ್ ಓಡಿಸುತ್ತಿದ್ದೆವಲ್ಲ! ನನ್ನದನ್ನು ಬಾವಿಗೆ ಹಾಕಿದ್ದು ಯಾರು?

ಪುಟ್ಟಿ: ಗುಂಡಣ್ಣ, ವಿಷಯಕ್ಕೆ ಬಾ.

ಗುಂಡಣ್ಣ: ಇದೂ ವಿಷಯವೇ. 35 ವರ್ಷ ಆಯ್ತು, ಇನ್ನೂ ಯಾರೂ ಒಪ್ಪಿಕೊಂಡಿಲ್ಲ.

ಅತ್ತೆ: ಅಣ್ಣ, ಒಂದು ಕೇಳಲಾ? ಕಾಲೇಜಿನಲ್ಲಿದ್ದಾಗ ಹತ್ತು ದಿನದ ಚಾರಣಕ್ಕೆ ಹೆಸರು ಕೊಟ್ಟಿದ್ದೆ. ಹೆಣ್ಣುಮಕ್ಕಳಿಗೆ ಹಿಮ ಗಿಮ ಯಾಕೆ ಅಂದವರು ಯಾರು?

(ಇಲ್ಲಿ ಹತ್ತು ನಿಮಿಷ ಯಾರದ್ದೂ ಸದ್ದಿಲ್ಲ. ಎಲ್ಲರೂ ಓದಿದ್ದರು, ನೀಲಿ ಟಿಕ್ ಕಾಣಿಸುತ್ತಿತ್ತು.)

ದೊಡ್ಡಪ್ಪ: ಬೇಡ ಅಂದದ್ದು ಅಪ್ಪ.

ಅತ್ತೆ: ಅಪ್ಪನ ಕಿವಿಗೆ ಹಾಕಿದ್ದು ನೀನು. ಸುದೀಪ್ತಾ ಸೇನ್‌ಗುಪ್ತಾ, ಅದಿತಿ ಪಂತ್ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದ ವರ್ಷ ಅದು, 1984. ಪೇಪರ್ ಕಟಿಂಗ್ ಕೂಡ ತೋರಿಸಿದ್ದೆ.

ದೊಡ್ಡಪ್ಪ: ಅವರು ವಿಜ್ಞಾನಿಗಳು.

ಅತ್ತೆ: ಚಾರಣಕ್ಕೆ ಅಂತ ಹೆಣೆದುಕೊಂಡಿದ್ದ ನೀಲಿ ಸ್ವೆಟರ್ ಏನಾಯ್ತು?

ಗುಂಡಣ್ಣ: ಅಯ್ಯೋ, ಆ ಸ್ವೆಟರಾ! ದೊಡ್ಡಪ್ಪನ ಹಳೇ ಫೋಟೋಗಳಲ್ಲೆಲ್ಲ ಇದೆ. ತಡೀರಿ, ಹಾಕುತ್ತೇನೆ.

(ನಾಲ್ಕು ಫೋಟೋ ಬಂದವು.)

ಚಿಕ್ಕಪ್ಪ: ಪ್ರೀತ್ ಚಂಡಿಗೆ ಶುಭಾಶಯಗಳು 💐 ಯಾವತ್ತು ಹೊರಡುವುದು?

ದೊಡ್ಡಪ್ಪ: ಅದು ನನ್ನದೇ ಸ್ವೆಟರ್.

ಅತ್ತೆ: ಮೂರನೇ ಫೋಟೋದಲ್ಲಿ ತೋಳು ನೋಡಣ್ಣ. ಮೊಣಕೈ ದಾಟಿ ನಾಲ್ಕು ಬೆರಳೂ ಬಂದಿಲ್ಲ.