ಆಲ್ಟೊ ಎಂಜಿನ್ ಮನೆಯಂಗಳದಲ್ಲೇ ಒಬ್ಬನೇ ಬದಲಿಸಬಹುದಾ?

ಕಟಪಾಡಿ796

ಕಾರು 2009ರ ಆಲ್ಟೊ ಎಲ್‌ಎಕ್ಸ್, 796 ಸಿಸಿ, ಕೆಎ-20 ನಂಬರ್. ಎಸಿ ಉಂಟು, ಪವರ್ ಸ್ಟೀರಿಂಗ್ ಇಲ್ಲ. ಹೋಸ್ ಒಡೆದು ಕೂಲೆಂಟ್ ಖಾಲಿಯಾಗಿ ಎಂಜಿನ್ ಕಾದು ನಿಂತಿದೆ. ಹೆಡ್ ಬಿಚ್ಚಿ ನೋಡಿದ್ದಾಯ್ತು. ಎರಡನೇ ಬೋರಿನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಉಗುರಿಗೆ ಸಿಗುವಷ್ಟು ಗೀರು ಉಂಟು, ಬ್ಲಾಕಿನ ಮುಖವೂ ಬಾಗಿದ ಹಾಗೆ ಕಾಣ್ತದೆ. ಮಂಗಳೂರಿನ ಗುಜರಿಯಿಂದ ಅದೇ ಎಂಜಿನ್ ತಂದು ಮನೆಯಲ್ಲೇ ಕೂರಿಸಬೇಕೆಂದಿದ್ದೇನೆ.

ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ರೇಡಿಯೇಟರ್, ಆಲ್ಟರ್ನೇಟರ್ ಇಷ್ಟು ಬಿಚ್ಚಿ ಹಾಕಲು ಬರ್ತದೆ. ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, 2 ಟನ್ ಟ್ರಾಲಿ ಜಾಕ್, ಒಂದು ಜೊತೆ ಸ್ಟ್ಯಾಂಡ್ ಉಂಟು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ. ಕೇಳಬೇಕಾದದ್ದು ಮೂರು: ಹೆಂಚಿನ ಮಾಡಿನ ಪಕ್ಕಾಸಿಗೆ (ಹೆಂಚು ಹೊರುವ ಮರದ ತೊಲೆ) ಎಂಜಿನ್ ಎತ್ತುವ ಚೈನ್ ಬ್ಲಾಕ್ ಕಟ್ಟಬಹುದಾ? ಒಬ್ಬನಿಂದ ಆಗದ ಕೆಲಸ ಯಾವುದು? ಹೇಗೂ ಬಿಚ್ಚುವುದಾದರೆ ಕೆ10 ಎಂಜಿನ್ನೇ ಹಾಕಿದರೆ ಹೇಗೆ?

ಬೈಕಂಪಾಡಿ ಲೇತ್

ಕೆ10 ಆಸೆ ಬಿಟ್ಟುಬಿಡಿ. ಅದು 998 ಸಿಸಿಯ ಬೇರೆಯೇ ಕುಟುಂಬದ ಎಂಜಿನ್. ಮೌಂಟು, ಗೇರ್‌ಬಾಕ್ಸ್, ವೈರಿಂಗ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಬದಲಾಗಬೇಕು. ಅದರ ಮೇಲೆ ಆರ್‌ಸಿಯಲ್ಲಿರುವ ಸಿಸಿಯೂ ತಪ್ಪಾಗ್ತದೆ. ಮೊದಲ ಸಲ ಮಾಡುವವರಿಗೆ ಹೇಳಿದ ಕೆಲಸ ಅಲ್ಲ.

ಗುಜರಿಗೆ ಹೋಗುವ ಮೊದಲು ನಿಮ್ಮ ಬ್ಲಾಕನ್ನೇ ಅಳೆಸಿ. ಈ ಎಂಜಿನಿನ ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಬೋರನ್ನು ಕೊರೆದು ಅಗಲ ಮಾಡಿ ಹಾಕಲು 0.25 ಮತ್ತು 0.50 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಸಿಗ್ತದೆ. ಉಗುರಿಗೆ ಸಿಗುವ ಗೀರು ಸಾಮಾನ್ಯವಾಗಿ 0.50ರಲ್ಲಿ ಹೋಗ್ತದೆ. ಒಂದೇ ಬೋರ್ ಕೆಟ್ಟಿದ್ದರೂ ಮೂರನ್ನೂ ಒಂದೇ ಅಳತೆಗೆ ತರಬೇಕು. ಪಿಸ್ಟನ್ ಮೊದಲು ಖರೀದಿಸಿ ಲೇತಿಗೆ ಕೊಡಿ. ಬೋರ್ ಮಾಡುವುದು ಆ ಪಿಸ್ಟನಿನ ಅಳತೆ ನೋಡಿ, ಪಟ್ಟಿಯಲ್ಲಿ ಬರೆದದ್ದನ್ನು ನೋಡಿ ಅಲ್ಲ. ಮುಖ ಬಾಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ನೇರ ಪಟ್ಟಿ ಅಡ್ಡಡ್ಡ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ. 0.05 ಮಿ.ಮೀ. ಎಲೆ ಸಲೀಸಾಗಿ ಹೋದರೆ ಮುಖ ಉಜ್ಜಿಸಬೇಕು. ಹೆಡ್ಡಿಗೂ ಇದೇ ಪರೀಕ್ಷೆ. ಕಾದ ಎಂಜಿನಿನಲ್ಲಿ ಬ್ಲಾಕಿಗಿಂತ ಮೊದಲು ಬಾಗುವುದು ಅಲ್ಯೂಮಿನಿಯಂ ಹೆಡ್. ಹೀಗೆ ನಿಮ್ಮ ಬ್ಲಾಕನ್ನೇ ಬೋರ್ ಮಾಡಿಸಿ ಉಳಿಸಿಕೊಂಡರೆ ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಕೆಲಸವೇ ಇಲ್ಲ. ಇಳಿಸಿ ಏರಿಸುವ ಶ್ರಮ ಎರಡಕ್ಕೂ ಒಂದೇ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ.

ಬೋರ್ ಆದ ಬ್ಲಾಕನ್ನು ಬರೀ ಪೆಟ್ರೋಲಿನಲ್ಲಿ ಒರೆಸಿದರೆ ಸಾಲದು. ಹೋನಿಂಗ್ (ಬೋರಿನ ಒಳಗೋಡೆ ಕಲ್ಲಿನಲ್ಲಿ ಉಜ್ಜುವುದು) ಮಾಡಿದ ಮಣ್ಣು ಹೋಗಬೇಕಾದರೆ ಬಿಸಿನೀರು, ಸೋಪು, ಬ್ರಷ್ಷೇ ಆಗಬೇಕು. ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುವಷ್ಟು ತಿಕ್ಕಿ. ಒಣಗಿಸಿದ ಕೂಡಲೇ ಎಂಜಿನ್ ಆಯಿಲ್ ಸವರಿ. ನಮ್ಮ ಕರಾವಳಿ ಗಾಳಿಗೆ ಬರೀ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗ್ತದೆ.

ಗುಜರಿ ಎಂಜಿನ್ನೇ ಆಗಬೇಕೆಂದರೆ ಸ್ಟಾರ್ಟರ್ ಮತ್ತು ಗೇರ್‌ಬಾಕ್ಸ್ ಕೂಡಿಕೊಂಡಿರುವುದನ್ನೇ ನೋಡಿ. ಸ್ಟಾರ್ಟರ್ ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ (ಎಂಜಿನಿಗೆ ಕೂಡುವ ಗಂಟೆಯಾಕಾರದ ಭಾಗ) ಕೂರುವುದರಿಂದ, ಬಿಡಿ ಎಂಜಿನಿಗೆ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಪರೀಕ್ಷೆ ಮಾಡಲಿಕ್ಕೆ ಬರುವುದಿಲ್ಲ. ಮೂರೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಳ್ಳೆಯ ಬ್ಯಾಟರಿಯಲ್ಲಿ ತಿರುಗಿಸಿ. 170ರಿಂದ 200 ಪಿಎಸ್‌ಐ ಬಂದರೆ ಚೆನ್ನಾಗಿದೆ. ಅಂಕಿಗಿಂತ ಮುಖ್ಯ ಸಮ ಇರುವುದು. ಒಂದಕ್ಕೊಂದು 15 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಟ್ಟುಬನ್ನಿ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ, ಆಲ್ಟರ್ನೇಟರ್ ಜಾಲಿಯೊಳಗೆ ಒಣಗಿದ ಕೆಸರು ಕಂಡರೆ ಅದು ನೆರೆ ನೀರು ಕುಡಿದ ಎಂಜಿನ್. 2018ರ ಆಗಸ್ಟ್ ನೆರೆಯಲ್ಲಿ ಕೇರಳದಲ್ಲಿ ಮುಳುಗಿದ ಕಾರುಗಳು ಎಷ್ಟೋ. ಅಂಥ ಕಾರಿನ ಬಿಡಿಭಾಗ ಇಲ್ಲಿಗೂ ಬಂದೀತು.

ಸ್ಪ್ಯಾನರ್_ಕುಡ್ಲ

ಪಕ್ಕಾಸಿಗೆ ಖಂಡಿತ ಕಟ್ಟಬೇಡಿ ಮಾರಾಯ್ರೇ. ಹೆಂಚಿನ ಮಾಡು ಭಾರವನ್ನು ಹರಡಿ ಹೊರಲಿಕ್ಕೆ ಮಾಡಿದ್ದು, ಒಂದೇ ಜಾಗದಲ್ಲಿ ತೂಗುವ ಭಾರಕ್ಕಲ್ಲ. ಗೇರ್‌ಬಾಕ್ಸ್ ಸೇರಿ ನೂರು ಕಿಲೋದ ಆಸುಪಾಸು ಇರ್ತದೆ, ಮೌಂಟಿಗೆ ಸಿಕ್ಕಿಕೊಂಡಾಗ ಎಳೆಯುವ ಬಲ ಅದಕ್ಕಿಂತ ಹೆಚ್ಚು. ಕಾಲು ಮಡಚುವ ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಅದರ ತೋಳು ಉದ್ದ ಮಾಡಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ. ತೋಳಿನ ತೂತಿನ ಹತ್ತಿರ ಬರೆದ ಅಂಕಿ ನೋಡಿಯೇ ಪಿನ್ ಹಾಕಿ.

ಇಂಟರ್‌ಲಾಕ್ ಮೇಲೆ ಕ್ರೇನಿನ ಸಣ್ಣ ಚಕ್ರ ಸಂದಿಗೆ ಸಿಕ್ಕಿ ನಿಲ್ತದೆ, ಎಂಜಿನ್ ತೂಗಾಡ್ತದೆ. 18 ಮಿ.ಮೀ. ಪ್ಲೈವುಡ್ ಹಾಸಿ. ಸ್ಟ್ಯಾಂಡಿನ ಅಡಿಗೂ ಅದೇ. ಇನ್ನೂ ಸುಲಭದ ಉಪಾಯ ಬೇಕೆಂದರೆ ಕ್ರೇನನ್ನು ಅಲುಗಿಸಲೇಬೇಡಿ. ಎಂಜಿನ್ ಬಂಪರ್ ದಾಟುವಷ್ಟು ಎತ್ತಿ, ಕಾರನ್ನು ಹಿಂದಕ್ಕೆ ತಳ್ಳಿ, ಎಂಜಿನನ್ನು ಕೂಡಲೇ ನೆಲದ ಹತ್ತಿರಕ್ಕೆ ಇಳಿಸಿ. ಅದಕ್ಕೆ ಎತ್ತುವ ಮೊದಲೇ, ಡ್ರೈವ್ ಶಾಫ್ಟ್ ಬಿಡಿಸಲು ಕಳಚಿದ ಬಾಲ್ ಜಾಯಿಂಟ್ ತಿರುಗಿ ಕೂರಿಸಿ, ಚಕ್ರ ಹಾಕಿ, ಕಾರು ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಡ್ರೈವ್ ಶಾಫ್ಟಿನ ಹೊರ ತುದಿ ಹಬ್ಬಿನಲ್ಲೇ ಇರಲಿ, ಹಬ್ ನಟ್ ಮುಟ್ಟಬೇಡಿ. ಅದನ್ನು ತೆಗೆದು ಕಾರು ಉರುಳಿಸಿದರೆ ವೀಲ್ ಬೇರಿಂಗ್ ಹಾಳು.

ಹೆಡ್ ಬಿಚ್ಚಿದ್ದೀರಲ್ಲ, ಹಳೇ ಗ್ಯಾಸ್ಕೆಟ್ಟನ್ನೇ ಇಟ್ಟು ಹಳೇ ಬೋಲ್ಟುಗಳಲ್ಲಿ ಬಿಗಿಯಾಗಿ ಕೂರಿಸಿ. ಎಂಜಿನ್ ಎತ್ತುವ ಕೊಕ್ಕೆಗಳು ಹೆಡ್ಡಿನಲ್ಲಿರ್ತವೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು. ಕೂಲೆಂಟನ್ನು ಬಾಲ್ದಿಗೆ ಇಳಿಸಿ, ಅಂಗಳಕ್ಕೆ ಚೆಲ್ಲಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಸೋರಿದ್ದು ಬಾವಿಗೆ ಇಳೀತದೆ, ಮತ್ತೆ ಆ ಸಿಹಿಗೆ ನಾಯಿ ನೆಕ್ಕಿದರೆ ಸಾಯ್ತದೆ. ಎಸಿ ಪೈಪು ಬಿಚ್ಚಬೇಡಿ. ಕಂಪ್ರೆಸರನ್ನು ಬ್ರಾಕೆಟ್ಟಿನಿಂದ ಕಳಚಿ, ಪೈಪ್ ಸಮೇತ ಬದಿಗೆ ತಂತಿಯಲ್ಲಿ ಕಟ್ಟಿ. ರೇಡಿಯೇಟರ್ ಹೊರಗೆ ತೆಗೆದು ಕಂಡೆನ್ಸರಿಗೆ ದಪ್ಪ ರಟ್ಟು ಅಡ್ಡ ಇಡಿ. ಗೇರ್ ಆಯಿಲ್ ಇಳಿಸಿದ ಮೇಲೆಯೇ ಡ್ರೈವ್ ಶಾಫ್ಟ್. ಒಳ ಜಾಯಿಂಟಿನ ಬುಡಕ್ಕೆ ಪ್ರೈ ಬಾರ್ ಕೊಟ್ಟು ಹೊರಗೆ ಮೀಟಿ. ಶಾಫ್ಟನ್ನೇ ಹಿಡಿದು ಎಳೆದರೆ ಗೇರ್‌ಬಾಕ್ಸಿನಿಂದ ಬಾರದೆ ರಬ್ಬರ್ ಬೂಟಿನೊಳಗೆ ಜಾಯಿಂಟ್ ಕಳಚಿಕೊಳ್ತದೆ. ಆ ಎರಡು ಆಯಿಲ್ ಸೀಲ್ ಹೊಸದೇ ಹಾಕಿ.

ಎಗ್ಸಾಸ್ಟ್ ಮ್ಯಾನಿಫೋಲ್ಡ್ ನಟ್ ಮತ್ತು ಅಡಿಯ ಬೋಲ್ಟುಗಳಿಗೆ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆರು ಮೂಲೆಯ ಸಾಕೆಟ್ಟೇ ಹಾಕಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ನಟ್ಟಿನ ತಲೆ ಉರುಟು ಮಾಡಿಬಿಡ್ತದೆ.

ಒಬ್ಬರಿಂದ ಆಗದ ಹೊತ್ತು ಎರಡು: ಎಂಜಿನ್ ಬೇಯಿಂದ ಮೇಲೆ ಬರುವಾಗ, ತಿರುಗಿ ಒಳಗೆ ಇಳಿಯುವಾಗ. ಒಬ್ಬರು ಕ್ರೇನ್ ಪಂಪ್ ಮಾಡಬೇಕು, ಇನ್ನೊಬ್ಬರು ವೈರ್, ಪೈಪ್ ಎಲ್ಲಿ ಸಿಕ್ಕಿದೆ ನೋಡಬೇಕು. ಕ್ರೇನ್ ಸುಮ್ಮನೆ ಭಾರ ಆಯ್ತೆಂದರೆ ಎಲ್ಲೋ ಏನೋ ಬಿಚ್ಚಲು ಬಾಕಿ ಉಂಟು, ಹೆಚ್ಚಾಗಿ ಅರ್ತ್ ಪಟ್ಟಿ ಅಥವಾ ಸ್ಪೀಡೋ ಕೇಬಲ್. ಆಗ ಪಂಪ್ ನಿಲ್ಲಿಸಿ ಹುಡುಕಿ. ತೂಗುವ ಎಂಜಿನಿನ ಅಡಿಗೆ ಕೈಯಾಗಲಿ ಕಾಲಾಗಲಿ ಹೋಗಬಾರದು.

ಕಟಪಾಡಿ796

ಬ್ಲಾಕ್ ಅಳೆಸುತ್ತೇನೆ, ಬೋರ್ ಮಾಡಿಸುವುದೇ ಸರಿ ಅನ್ನಿಸ್ತಿದೆ. ಗೇರ್‌ಬಾಕ್ಸನ್ನು ಎಂಜಿನಿಗೆ ಹೊರಗೆ ಸೇರಿಸಿ ಒಟ್ಟಿಗೆ ಇಳಿಸುವುದಾ, ಬೇರೆ ಬೇರೆಯಾ? ಮೊದಲ ಸ್ಟಾರ್ಟಿಗೆ ಏನೆಲ್ಲ ನೋಡಬೇಕು?

ಮಲ್ಪೆ_ಗೇರ್

ಹೊರಗೆ ಸೇರಿಸಿ ಒಟ್ಟಿಗೇ ಇಳಿಸಿ. ಹೊಸಬರು ಅತಿ ಹೆಚ್ಚು ಹಾಳು ಮಾಡುವುದು ಈ ಜೋಡಣೆಯಲ್ಲಿ, ಅದಕ್ಕೆ ಇಲ್ಲಿ ಸಾವಧಾನ ಬೇಕು.

ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಉಬ್ಬಿದ ಬದಿ ಗೇರ್‌ಬಾಕ್ಸ್ ಕಡೆಗೆ. ನಡುವಿಗೆ ತರಲು ಅಲೈನ್‌ಮೆಂಟ್ ಟೂಲ್ ಹಾಕಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ. ಸ್ಪ್ಲೈನಿಗೆ (ಇನ್‌ಪುಟ್ ಶಾಫ್ಟಿನ ಹಲ್ಲುಗಳು) ಗ್ರೀಸ್ ತೆಳ್ಳಗೆ ಸಾಕು, ಹೆಚ್ಚಾದರೆ ಹಾರಿ ಪ್ಲೇಟಿಗೆ ಬಿದ್ದು ಕ್ಲಚ್ ಜಾರುತ್ತದೆ. ಬ್ಲಾಕಿನಲ್ಲಿ ಡೋವೆಲ್ ಪಿನ್ (ಗೇರ್‌ಬಾಕ್ಸನ್ನು ಸರಿಯಾದ ಜಾಗಕ್ಕೆ ಕೂರಿಸುವ ಮೊಳೆ) ಇದೆಯೇ ನೋಡಿ. ಬ್ಲಾಕ್ ಲೇತಿಗೆ ಹೋಗಿ ಬಂದರೆ ಅವು ಅಲ್ಲೇ ಉಳಿದುಬಿಡುವುದುಂಟು.

ಗೇರ್‌ಬಾಕ್ಸ್ ಎಂಜಿನಿಗೆ ಕೈಯಲ್ಲೇ ಪೂರ್ತಿ ಕೂರಬೇಕು. ಬೆರಳಷ್ಟು ಸಂದಿ ಉಳಿದಾಗ ಬೋಲ್ಟ್ ಬಿಗಿಸಿ ಎಳೆಯುವುದು ದೊಡ್ಡ ತಪ್ಪು. ಬೆಲ್ ಹೌಸಿಂಗಿನ ಕಿವಿ ಸೀಳ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಬಾಗ್ತದೆ. ಸಂದಿ ಉಳಿದರೆ ಗೇರಿಗೆ ಹಾಕಿ ಔಟ್‌ಪುಟ್ ಬದಿಯನ್ನು ಸ್ವಲ್ಪ ತಿರುಗಿಸಿ, ಸ್ಪ್ಲೈನ್ ಸಿಕ್ಕಿದ ಕೂಡಲೇ ಒಳಗೆ ಜಾರುತ್ತದೆ. ಆಗಲೂ ಬಾರದಿದ್ದರೆ ಹಿಂದೆ ತೆಗೆದು ಪ್ಲೇಟ್ ನಡುವಿನಲ್ಲಿದೆಯೇ ನೋಡಬೇಕು. ಗೇರ್‌ಬಾಕ್ಸನ್ನು ಅರ್ಧ ತೂರಿಸಿ ಕೈಬಿಡಬೇಡಿ, ಅಷ್ಟೂ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ಬೀಳ್ತದೆ.

ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರಾಂಕಿನ ಎರಡೂ ತುದಿಯ ಸೀಲ್, ಕ್ಯಾಮ್ ಸೀಲ್, ರಿಲೀಸ್ ಬೇರಿಂಗ್, ಎಲ್ಲ ಹೋಸ್ ಹೊಸದು ಹಾಕಿ. ಹಿಂದಿನ ಕ್ರಾಂಕ್ ಸೀಲ್ ಒಂದಕ್ಕಾಗಿ ಮತ್ತೆ ಇದಿಷ್ಟನ್ನೂ ಬಿಚ್ಚಬೇಕಾಗ್ತದೆ ಎಂಬುದು ನೆನಪಿರಲಿ. ಬೆಲ್ಟ್ ಹಾಕಿದ ಮೇಲೆ ಕ್ರಾಂಕನ್ನು ಸ್ಪ್ಯಾನರಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ.

ಅರ್ತ್ ಪಟ್ಟಿಯ ಬಗ್ಗೆ ಒತ್ತಿ ಹೇಳುತ್ತೇನೆ. ಉಪ್ಪು ಗಾಳಿಗೆ ಅದರ ತಂತಿ ರಬ್ಬರಿನೊಳಗೆ ಹಸಿರು ಪುಡಿಯಾಗಿರ್ತದೆ, ಹೊರಗೆ ಕಾಣುವುದಿಲ್ಲ. ಹಾಗಿದ್ದರೆ ಅಥವಾ ಹಾಕಲು ಮರೆತರೆ ಸ್ಟಾರ್ಟರಿನ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅವನ್ನೇ ಸುಡ್ತದೆ. ಹೊಸ ಪಟ್ಟಿ ಹಾಕಿ, ಕೂರುವ ಜಾಗವನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಬಿಗಿಸಿದ ಮೇಲೆ ಗ್ರೀಸ್ ಸವರಿ.

ಮೌಂಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಕ್ರೇನ್ ಬಿಟ್ಟು ಎಂಜಿನ್ ತಾನಾಗಿ ಕೂತ ಮೇಲೆ ಬಿಗಿಸಿ. ಎಳೆದು ಬಿಗಿಸಿದರೆ ಮೂರು ಸಿಲಿಂಡರ್ ಎಂಜಿನಿನ ನಡುಕ ಪೂರ್ತಿ ಸ್ಟೀರಿಂಗಿಗೆ ಬರ್ತದೆ.

ಆಯಿಲ್ ಡಿಪ್‌ಸ್ಟಿಕ್ ಗುರುತಿನವರೆಗೆ ತುಂಬಿ. ಪ್ಲಗ್ ತೆಗೆದು, ಫ್ಯೂಯಲ್ ಪಂಪ್ ರಿಲೇ ಮತ್ತು ಇಗ್ನಿಷನ್ ಕನೆಕ್ಟರ್ ಎರಡೂ ಕಳಚಿ, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಆಯಿಲ್ ದೀಪ ಆರಿದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್. ಕೂಲೆಂಟಿಗೆ ಬಾವಿ ನೀರು ಬೇಡ, ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ. ಕಾರಿನ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ಫ್ಯಾನ್ ತಾನಾಗಿ ತಿರುಗುವವರೆಗೆ ಓಡಿಸಿ. ಹೀಟರಿನಿಂದ ತಣ್ಣನೆ ಗಾಳಿ ಬರ್ತಾ ಟೆಂಪರೇಚರ್ ಮಾತ್ರ ಏರುತ್ತಿದ್ದರೆ ಒಳಗೆ ಗಾಳಿ ನಿಂತಿದೆ, ಕೂಡಲೇ ಆಫ್ ಮಾಡಿ. ಸ್ಟಾರ್ಟ್ ಆಗಿ ಕೂಡಲೇ ನಿಂತರೆ ಅಥವಾ ಐಡಲ್ ಏರಿಳಿದರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಹೋಸ್ ನೋಡಿ. ತಿರುಗಿದರೂ ಸ್ಟಾರ್ಟ್ ಆಗದಿದ್ದರೆ ಕಳಚಿಟ್ಟ ರಿಲೇ ಮತ್ತು ಸೆನ್ಸರ್ ಕನೆಕ್ಟರುಗಳು.

ಹೊಸ ರಿಂಗ್ ಹಾಕಿದ್ದರೆ ಮೊದಲ ಆಯಿಲನ್ನು 500 ಕಿ.ಮೀ.ಗೆ ಇಳಿಸಿ. ಆಗುಂಬೆ, ಶಿರಾಡಿ ಘಾಟಿ ಹತ್ತುವುದು ಅದಾದ ಮೇಲೆ.

ಎನ್‌ಎಚ್66

ಬೋರ್ ಮಾಡಿಸುವಾಗ ಬ್ಲಾಕಿನಲ್ಲಿ ಬಿರುಕು ಸಿಕ್ಕಿ ಬೇರೆ ಎಂಜಿನ್ನೇ ಹಾಕಬೇಕಾದರೆ ಕಾಗದದ ಕೆಲಸ ಹೀಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಅನುಮತಿ ಪಡೆಯದೆ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ನಿಮಗೆ ಅದು ಉಡುಪಿ ಆರ್‌ಟಿಒ. ಎಂಜಿನ್ ಇಳಿಸುವ ಮೊದಲೇ ಹೋಗಿ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಗುಜರಿಯವರು ಎಂಜಿನ್ ನಂಬರ್ ಬರೆದ ಬಿಲ್ ಕೊಡುವುದಿಲ್ಲ ಎಂದರೆ ಎಷ್ಟು ಕಡಿಮೆಗೆ ಸಿಕ್ಕಿದರೂ ಬೇಡ. ಕದ್ದ ಕಾರಿನದ್ದಾದರೆ ಸಿಕ್ಕಿಬೀಳುವುದು ನೀವು. ಯಾವ ಕಾರಿನಿಂದ ತೆಗೆದದ್ದು ಎಂಬ ದಾಖಲೆಯ ಪ್ರತಿಯನ್ನೂ ಕೇಳಿ. ಬ್ಲಾಕಿನ ಮೇಲಿನ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದಕ್ಕೆ ಎತ್ತಿ ಬಿಲ್ಲಿಗೆ ತಾಳೆ ನೋಡಿ, ಕೆರೆದ ಗುರುತು ಇದ್ದರೆ ಬಿಟ್ಟುಬಿಡಿ.

ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ ಪಾಲಿಸಿಯಲ್ಲಿ ನಂಬರ್ ತಿದ್ದಿಸಬೇಕು, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು. 2009ರ ಕಾರಿಗೆ 15 ವರ್ಷ ಕಳೆದಿದೆ, ಇನ್ನು ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ. ಪ್ರತಿ ಸಲವೂ ಚಾಸಿಸ್ ನಂಬರಿನ ಜೊತೆ ಎಂಜಿನ್ ನಂಬರನ್ನೂ ನೋಡುತ್ತಾರೆ. ಎಂಜಿನ್ ಕೂರಿಸಿದ ಮೇಲೆ ಆ ನಂಬರ್ ಕಣ್ಣಿಗೆ ಸಿಗುವುದು ಕಷ್ಟ, ಹಾಗಾಗಿ ಬ್ಲಾಕ್ ಹೊರಗಿರುವಾಗಲೇ ಅದರ ತುಕ್ಕು ಒರೆಸಿ, ಫೋಟೋ ತೆಗೆದು, ಮೇಲೆ ತೆಳ್ಳಗೆ ಗ್ರೀಸ್ ಹಚ್ಚಿಡಿ.